ಕೌದಿಯ ನಾಲ್ಕನೇ ಮೂಲೆ

"ಹಿಡೀರಿ… ಹಿಡೀರಿ ಅದನ್ನ! ನನ್ನ ಕೌದಿ!"

ಇಂದ್ರವ್ವನ ಕೂಗಿಗೆ ಹೊಳೆದಂಡೆಯ ಹೆಂಗಸರೆಲ್ಲ ತಿರುಗಿ ನೋಡಿದರು. ಕೆಂಪು, ಹಸಿರು, ಅರಿಶಿನ ತುಂಡುಗಳ ಕೌದಿ ಮಲಪ್ರಭೆಯ ಸೆಳವಿಗೆ ಸಿಕ್ಕು ಅಗಲವಾಗಿ ಹರಡಿಕೊಂಡು ಹೋಗುತ್ತಿತ್ತು. ಅವಳು ಸೀರೆ ಎತ್ತಿಕಟ್ಟಿ ನಾಲ್ಕು ಹೆಜ್ಜೆ ನೀರಿಗಿಳಿದಳು. ಐದನೆಯ ಹೆಜ್ಜೆಗೆ ತಳ ಸಿಗಲಿಲ್ಲ.

ಕೆಳಗಿನ ಬಂಡೆಯ ಮೇಲಿದ್ದ ಒಬ್ಬ ಗಂಡಸು ಧಡ್ಡನೆ ನೀರಿಗೆ ಹಾರಿದ.

ಅವನನ್ನು ಬೆಳಗಿನಿಂದ ಹೆಂಗಸರು ನೋಡಿ ನೋಡಿ ನಗುತ್ತಿದ್ದರು. ಮಾನೌಮಿ ಅಮಾವಾಸ್ಯೆಗೆ ಇನ್ನು ಎರಡೇ ದಿನ. ನವರಾತ್ರಿಗೆ ದೇವರ ಮುಂದೆ ಮಣ್ಣಲ್ಲಿ ಕಾಳು ಬಿತ್ತಿ ಘಟ ಹಾಕುವ ಮೊದಲು ಮನೆಯೊಳಗಿನ ಅರಿವೆ, ಹಾಸಿಗೆ, ಕೌದಿ ಎಲ್ಲ ಹೊಳೆ ಕಂಡು ಬರಬೇಕು. ಮುನವಳ್ಳಿಯ ಹೆಂಗಸರೆಲ್ಲ ಬುಟ್ಟಿ ಹೊತ್ತು ಬಂದಿದ್ದರು. ಅವರ ನಡುವೆ ಇವನೊಬ್ಬ ಧೋತರ ಮೇಲೆ ಕಟ್ಟಿ, ಬಂಡೆಯ ಮೇಲೆ ಕೌದಿ ತುಳಿಯುತ್ತಿದ್ದ!

"ಏ ಯಣ್ಣಾ, ಮನ್ಯಾಗ ಹೆಂಗಸರು ಇಲ್ಲೇನ?" ಎಂದು ಒಬ್ಬಳು ಕೇಳಿಯೂ ಕೇಳಿದ್ದಳು.

"ಅದಾಳಲ್ಲ ನಮ್ಮವ್ವ. ಕೌದಿ ಆಕಿ ಹೊಲಿದಾಳ, ನಾ ಹೊಚ್ಕೊಂಡೇನಿ. ಹೊಚ್ಕೊಂಡಾಂವ ಒಗದ್ರ ಏನಾತ್ರಿ?" ಎಂದು ಅವನು ತುಳಿಯುವುದನ್ನು ನಿಲ್ಲಿಸದೆ ಹೇಳಿದ್ದ.

ಈಗ ಅವನು ನೀರು ಕುಡಿದ ಕೌದಿಯನ್ನು ಎಮ್ಮೆ ಎಳೆದಂತೆ ಎಳೆದುಕೊಂಡು ದಂಡೆಗೆ ಬಂದ. ಉಸಿರು ಸಿಕ್ಕಿಕೊಂಡಿತ್ತು. ಅವಳ ಕಾಲ ಬಳಿ ಅದನ್ನು ಹಾಕಿ, ಒಂದು ಮೂಲೆಯನ್ನು ಎತ್ತಿ ಹಿಡಿದ.

"ಇಲ್ಲಿ ನೋಡ್ರಿ, ಈ ಮೂಲಿ ಬಾಯಿ ತಕ್ಕೊಂಡೈತಿ. ಇದರಾಗ ನೀರು ಹೊಕ್ಕು ಎಳದೈತಿ. ನಾಕ ಹೊಲಿಗಿ ಹಾಕಬಾರದೇನ್ರಿ?"

ಇಂದ್ರವ್ವನ ಮುಖ ಕೆಂಪಾಯಿತು. ಮೂಲೆಯನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಕೌದಿ ಹಿಡೀರಿ ಅಂದೆ. ಮೂಲಿ ನೋಡ್ರಿ ಅನ್ನಲಿಲ್ಲ!"

ಅವನು ಬೆಪ್ಪಾಗಿ ನಿಂತ. ಪ್ರಾಣ ಒತ್ತೆಯಿಟ್ಟು ತಂದುಕೊಟ್ಟದ್ದಕ್ಕೆ ಇದೇನು ಮಾತು? ಆದರೆ ಅವಳ ಕಣ್ಣಲ್ಲಿ ಸಿಟ್ಟಿನ ಹಿಂದೆಯೇ ತುಂಬಿ ನಿಂತ ನೀರು ಅವನಿಗೆ ಕಂಡಿತು. ಅವನು ತನ್ನ ಬಂಡೆಗೆ ಹೋದ.

ಮಧ್ಯಾಹ್ನ ಒಣಹಾಕಲು ಪೊದೆಗಳೆಲ್ಲ ತುಂಬಿ, ಇಂದ್ರವ್ವನ ಒಂದೆರಡು ಕೌದಿಗಳು ಅವನ ಕೌದಿಗಳ ಮಗ್ಗುಲಿಗೇ ಬಿದ್ದವು. ಇಳಿಹೊತ್ತಿಗೆ ಸವದತ್ತಿ ಗುಡ್ಡದ ಕಡೆಯಿಂದ ಮೋಡ ಏರಿ ಬಂತು. ದಂಡೆಯ ತುಂಬ ಗದ್ದಲ. ಸಿಕ್ಕಿದ್ದನ್ನು ಬಾಚಿ, ಬುಟ್ಟಿಗೆ ತುರುಕಿ, ಎಲ್ಲರೂ ಓಡಿದರು.

ಮನೆಗೆ ಬಂದು ಎಣಿಸಿದರೆ ಒಂದು ಕೌದಿ ಕಡಿಮೆ. ಅದೇ ಕೌದಿ.

*

ಆ ಮೂಲೆಯ ಕತೆ ಹೀಗಿತ್ತು.

ಕೌದಿ ಹೊಲಿದು ಮುಗಿಸುವಾಗ ನಾಲ್ಕನೆಯ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಬಾಯಿ ಮುಚ್ಚುತ್ತಾರೆ. ಕೌದಿ ಹಸಿದಿರಬಾರದು. ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಬೆಚ್ಚಗೆ ಇಡುತ್ತದಂತೆ. ಇಂದ್ರವ್ವನ ಮನೆತನದಲ್ಲಿ ಮದುಮಗಳು ತವರಿನಿಂದ ಒಯ್ಯುವ ಕೌದಿಯ ಆ ಮೂಲೆಯನ್ನು ಮಾತ್ರ ಬಿಟ್ಟೇ ಕಳಿಸುತ್ತಿದ್ದರು. ಅದಕ್ಕೆ ರೊಟ್ಟಿ ಇಟ್ಟು ಹೊಲಿಯಬೇಕಾದವಳು ಅತ್ತೆ. ಹೊಲಿದಳೆಂದರೆ ಸೊಸೆಯನ್ನು ತನ್ನವಳೆಂದು ಒಪ್ಪಿಕೊಂಡ ಹಾಗೆ.

ಸಿರಸಂಗಿಯ ಅತ್ತೆ ಹೊಲಿದಿದ್ದಳು. ಎರಡು ವರ್ಷಕ್ಕೆ ಮಗ ಜ್ವರದಲ್ಲಿ ತೀರಿಕೊಂಡಾಗ ಅವಳೇ ಕುಡುಗೋಲಿನ ತುದಿಯಿಂದ ಆ ಹೊಲಿಗೆ ಹರಿದು, ಒಳಗಿನ ಹಿಟ್ಟುಪುಡಿಯನ್ನು ಅಂಗಳಕ್ಕೆ ಕೊಡವಿದಳು. "ನನ್ನ ಮಗನ ತಿಂದಾಕಿ… ನಿನ್ನ ಕೌದಿ ಹಸಕೊಂಡ ಇರಲಿ!"

ಮೂರು ವರ್ಷವಾಯಿತು. ಇಂದ್ರವ್ವ ಆ ಕೌದಿ ಹೊದೆಯಲಿಲ್ಲ, ಹೊಲಿಯಲೂ ಇಲ್ಲ. ವರ್ಷಕ್ಕೊಮ್ಮೆ ಹೊಳೆಗೆ ಒಯ್ದು ತುಳಿಯುತ್ತಿದ್ದಳು. ಮತ್ತೆ ಮಡಿಚಿ ಅಟ್ಟಕ್ಕೆ ಹಾಕುತ್ತಿದ್ದಳು. ಕಳೆದುಹೋಗಿದ್ದರೆ ಒಳ್ಳೆಯದೇ ಆಯಿತಲ್ಲ? ಆದರೂ ಬುಟ್ಟಿ ಬೋರಲು ಹಾಕಿ ಮತ್ತೊಮ್ಮೆ ಎಣಿಸಿದಳು.

ಅದೇ ಸಂಜೆ ಅಪ್ಪ ಹಣಮಂತಪ್ಪ ಅಂಗಳದಲ್ಲಿ ಕಾಲು ತೊಳೆಯುತ್ತ, ಹೊಲದ ಸುದ್ದಿ ಹೇಳುವವನಂತೆ ಹೇಳಿದ.

"ಸಾಲಹಳ್ಳಿ ಬಸವಣ್ಣೆಪ್ಪ ಖಂಡೇ ಪೂಜಿಗೆ ಬರತಾನ. ಹೆಂಡ್ತಿ ತೀರಿ ವರ್ಷಾತು. ನಿನ್ನ ನೋಡಿ ಹೋಗಲಿ. ದೀಪಾವಳಿ ಅಮಾಸಿಗೆ ಉಡಕಿ ಮಾಡಿ ಮುಗಸೂಣು."

ಉಡಕಿ! ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮತ್ತೊಬ್ಬನ ಕೈಗೆ ಕೊಡುವುದು. ವಾದ್ಯವಿಲ್ಲ, ಅಕ್ಕಿಕಾಳಿಲ್ಲ, ದೀಪ ಸಣ್ಣದು ಮಾಡಿ, ಕತ್ತಲಲ್ಲಿ.

"ಅಂವಗ ಐವತ್ತ ವರ್ಷ ಅಪ್ಪಾ."

"ನಿನ್ನ ನಸೀಬಕ್ಕ ಮತ್ತ ಎಳೇ ವರ ಬರತೈತೇನು?"

"ಕತ್ತಲದಾಗ ಯಾಕ ಮಾಡ್ತಾರ ಇದನ್ನ?"

"ಮುತ್ತೈದೇರು ನೋಡಬಾರದು. ಮೊದಲಿಂದ ಹಂಗ ಬಂದೈತಿ."

"ನಾ ಏನ್ ಕಳವಿನ ಮಾಲೇನಪ್ಪಾ?"

ಒಳಗಿನಿಂದ ಅತ್ತಿಗೆ ಸಾವಂತ್ರೆವ್ವ ಇಣುಕಿದಳು. "ಇಂದ್ರಾ, ಅಪ್ಪಗ ಎದರ ಮಾತಾಡಬ್ಯಾಡ. ಯಾವಾಗೂ ತವರಾಗ ಕುಂತಿರಾಕ ಆಗತೈತೇನು? ಹಬ್ಬದ ಕೆಲಸ ಎಷ್ಟ ಬಿದ್ದೈತಿ ನೋಡು."

ಹಬ್ಬದ ಕೆಲಸ… ಗೋಡೆಗೆ ಮಣ್ಣು ಮೆತ್ತುವುದು ಇಂದ್ರವ್ವ. ಕೆಮ್ಮಣ್ಣು ಸಾರಿಸುವುದು, ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು, ಬರುವ ನಂಟರಿಗೆ ಶೇಂಗಾದುಂಡಿ ಕಟ್ಟುವುದು, ಎಲ್ಲ ಇಂದ್ರವ್ವ. ಘಟ ಹಾಕುವ ದಿನ ಮಾತ್ರ ಅವಳು ಹಿತ್ತಲಲ್ಲಿರಬೇಕು.

ಮೂಲೆಯಲ್ಲಿ ಕುಳಿತ ಅಜ್ಜಿ ಮುದಕವ್ವ ಎಲೆ ಅಡಿಕೆ ಕುಟ್ಟುತ್ತ ಮೊಮ್ಮಗಳನ್ನೇ ನೋಡುತ್ತಿದ್ದಳು.

*

ಮರುದಿನ ಮುಂಜಾನೆ ಇಂದ್ರವ್ವ ಮೊಣಕೈವರೆಗೆ ಕೆಮ್ಮಣ್ಣು ಮಾಡಿಕೊಂಡು ಗೋಡೆ ಸಾರಿಸುತ್ತಿದ್ದಾಗ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು.

ಅವನೇ! ಹೆಗಲ ಮೇಲೆ ಮಡಿಚಿ, ಸೆಣಬಿನ ಹುರಿಯಿಂದ ಬಿಗಿಯಾಗಿ ಕಟ್ಟಿದ ಕೌದಿ.

"ನಮ್ಮ ಗಂಟಿನಾಗ ಬಂದಿತ್ರಿ. ಮೂಲಿ ನೋಡಿಲ್ಲ. ಆಣಿ ಮಾಡ್ತೇನಿ."

ಅವಳಿಗೆ ನಗು ಬಂತು. ಮೂರು ವರ್ಷದಲ್ಲಿ ಹೀಗೆ ಒಮ್ಮೆಲೇ, ಕೇಳದೆ ಬಂದ ನಗು! ಅದನ್ನು ಮರೆಸಲು ಕೈಯಿಂದ ಬಾಯಿ ಮುಚ್ಚಿದಳು. ಬಾಯಿಯ ಸುತ್ತ ಕೆಮ್ಮಣ್ಣಾಯಿತು.

ಈಗ ಅವನೂ ನಕ್ಕ.

"ಯಾರ ತಮ್ಮಾ ನೀ?" ಒಳಗಿನಿಂದ ಮುದಕವ್ವ ಕೇಳಿದಳು.

"ಲಗಮಣ್ಣ ಅಂತಾರ್ರಿ ಆಯಿ. ಆಚಿ ಹೊಸೂರಾಗ ಇರತೇವಿ, ಅಣೆಕಟ್ಟಿನ ನೀರಿಗೆ ಊರು ಹೋದವರು. ಕಾಲವಿ ಕೆಲಸದಾಗ ಗೌಂಡಿ ಅದೇನಿ."

"ಗೌಂಡಿ ಅಂದ್ರ ದೇವರ ಕಳಿಸಿದಂಗ ಬಂದಿ ನೋಡು. ಶ್ರಾವಣದ ಮಳಿಗೆ ದೇವರ ಜಗಲಿ ಗ್ವಾಡಿ ಬಿದ್ದೈತಿ. ಘಟ ಎಲ್ಲಿಡೂದು? ಎರಡ ದಿನದಾಗ ಎಬ್ಬಿಸಿ ಕೊಡು."

ಇಂದ್ರವ್ವ ಹುರಿ ಬಿಚ್ಚದೆಯೇ ಕೌದಿಯನ್ನು ಅಟ್ಟಕ್ಕೆ ಎಸೆದಳು. ಆ ಬಾಯ್ತೆರೆದ ಮೂಲೆಯನ್ನು ಅವಳು ಬೇಕೆಂದು ಯಾವತ್ತೂ ನೋಡುತ್ತಿರಲಿಲ್ಲ.

ಎರಡು ದಿನ ಅವನು ಗೋಡೆ ಕಟ್ಟಿದ. ಅವಳು ಮಣ್ಣು ತುಳಿದು ಕೊಟ್ಟಳು. ಅವನ ಮಾತು ಕಡಿಮೆ. ಆದರೆ ಹೇಳಿದ ಪ್ರತಿ ಮಾತೂ ಅವಳ ಒಳಗೆ ಎಲ್ಲೋ ಹೋಗಿ ಕೂರುತ್ತಿತ್ತು.

"ಊರು ಮುಳಗೂವಾಗ ಏನ್ ಕಟಗೊಂಡು ಬಂದ್ರಿ?" ಅವಳು ಕೇಳಿದಳು.

"ಎಲ್ಲಾರು ತೊಲಿ, ಬಾಗಲಾ, ಹಂಚು ಕಿತಗೊಂಡು ಬಂದ್ರು. ನಮ್ಮವ್ವ ಬನ್ನಿ ಗಿಡದ ಬುಡದಾಗಿನ ಸಸಿ ಒಂದು ಕಿತಗೊಂಡು ಬಂದ್ಲು. ನನಗ ಸಿಟ್ಟ ಬಂತು. ಗಾಡ್ಯಾಗ ಜಾಗಾ ಇಲ್ಲ ಅಂದ್ರ ಈ ಮುದುಕಿಗೆ ಗಿಡ ಬೇಕಾಗೈತಿ ಅಂತ." ಅವನು ಕರಣಿಯಿಂದ ಮಣ್ಣು ಒತ್ತಿದ. "ಈಗ ಅದು ನನ್ನ ಎದಿಮಟ ಬಂದೈತ್ರಿ. ಈ ದಸರಿಗೆ ಮೊದಲನೇ ಸಲ ಅದರ ಎಲಿ ಹರೀತೇವಿ. ಅವ್ವಗ ಕಣ್ಣು ಮಂಜಾಗ್ಯಾವ. ದಿನಾ ಹೋಗಿ ಕೈಲೆ ಮುಟ್ಟಿ ನೋಡತಾಳ, ಎಷ್ಟ ಬೆಳೀತು ಅಂತ."

ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ. "ಇಲ್ಲಿ ಘಟಾ ನೀವ ಹಾಕತೀರೇನ್ರಿ?"

"ವೈನಿ ಹಾಕತಾಳ. ನಾ ಮುಟ್ಟಬಾರದು."

ಅವನು ಕೆಲಸ ನಿಲ್ಲಿಸಿದ.

"ಹೊಲದ ಮಣ್ಣು ತಂದಾವ್ರು ನೀವು. ಜಗಲಿ ಮೆತ್ತಿದಾವ್ರು ನೀವು. ನಾಳೆ ಆ ಮಣ್ಣಾಗ ಕಾಳು ಮೊಳೀತಾವಲ್ಲ, ನಿಮ್ಮ ಕೈ ಮುಟ್ಟಲಾರದ್ದು ಅದರಾಗ ಏನ್ ಉಳದೈತ್ರಿ?"

ಅವಳು ಮಣ್ಣಿನ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಬೇವಿನ ಗಿಡಕ್ಕೆ ಆತು ನಿಂತಳು. 'ಇಂದ್ರಾ… ಬ್ಯಾಡ. ಗ್ವಾಡಿ ಮುಗದ ಮ್ಯಾಲ ಗೌಂಡಿ ಹೋಗತಾನ' ಎಂದು ತನಗೆ ತಾನೇ ಹೇಳಿಕೊಂಡಳು.

ಗೋಡೆ ಮುಗಿಯಿತು. ಗೌಂಡಿ ಹೋದ. ಮರುದಿನ ಸಾವಂತ್ರೆವ್ವ ಘಟ ಹಾಕಿದಳು. ಆದರೆ ಏಳು ದಿನ, ಪ್ರತಿ ಮುಂಜಾನೆ, ಎಲ್ಲರಿಗಿಂತ ಮೊದಲು ಎದ್ದ ಯಾರೋ ಒಬ್ಬರು ಆ ಮೊಳಕೆಗಳಿಗೆ ಒಂದು ಬೊಗಸೆ ನೀರು ಚಿಮುಕಿಸಿ ಹೋಗುತ್ತಿದ್ದರು. ಮುದಕವ್ವ ಎಚ್ಚರವಿದ್ದೂ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದಳು.

*

ಖಂಡೇ ಪೂಜೆ, ಅಂದರೆ ಆಯುಧಪೂಜೆಯ ಹಿಂದಿನ ದಿನ ನಂಟರಿಗೆ ಹಾಸಿಗೆ ತೆಗೆಯಲೆಂದು ಸಾವಂತ್ರೆವ್ವ ಅಟ್ಟ ಹತ್ತಿದಳು. ಹುರಿ ಬಿಚ್ಚಿ ಕೌದಿ ಕೊಡವಿದವಳು ಹಾವು ಮೆಟ್ಟಿದವಳಂತೆ ಕಿರುಚಿದಳು.

"ಅಯ್ಯ ಯವ್ವಾ! ಮಾವಾರ… ಇಲ್ಲಿ ಬರ್ರಿ! ಈ ಕೌದಿ ಹೊಟ್ಟಿ ಯಾರ ತುಂಬಿಸ್ಯಾರ?"

ನಾಲ್ಕನೆಯ ಮೂಲೆ ಮುಚ್ಚಿತ್ತು. ದಪ್ಪ ಬಿಳಿ ನೂಲಿನ, ಸೊಟ್ಟಸೊಟ್ಟಾದ ಆದರೆ ಒತ್ತೊತ್ತಾದ ಹೊಲಿಗೆ. ಒತ್ತಿ ನೋಡಿದರೆ ಒಳಗೆ ಗಟ್ಟಿಯಾದದ್ದೊಂದು ಚೂರು. ರೊಟ್ಟಿ!

ಹಣಮಂತಪ್ಪನ ಮುಖ ಕಪ್ಪಿಟ್ಟಿತು. "ಇಂದ್ರಾ… ಯಾರಿಗೆ ಮಾತ ಕೊಟ್ಟಿ? ಯಾವ ಮನಿಯಾಕಿ ಇದನ್ನ ಹೊಲದ್ಲು?"

ಇಂದ್ರವ್ವ ಆ ಹೊಲಿಗೆಯನ್ನೇ ನೋಡಿದಳು. ಅವಳಿಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಒಂದು ರಾತ್ರಿ ಕೌದಿ ಇದ್ದದ್ದು ಅವನ ಮನೆಯಲ್ಲಿ. ಹೊಳೆಯಲ್ಲೇ ಮೂಲೆ ನೋಡಿದ್ದವನು ಅವನು. ಬಿಗಿಯಾಗಿ ಹುರಿ ಕಟ್ಟಿ ತಂದವನು ಅವನು. ಮತ್ತೆ… 'ಮೂಲಿ ನೋಡಿಲ್ಲ, ಆಣಿ ಮಾಡ್ತೇನಿ' ಅಂದವನೂ ಅವನೇ!

"ನಾ ಯಾರಿಗೂ ಮಾತ ಕೊಟ್ಟಿಲ್ಲ," ಎಂದಳು.

"ಹಂಗಾರ ನಾಳೆ ಬಸವಣ್ಣೆಪ್ಪನ ಮುಂದ ನಿನ್ನ ಕೈಯಾರೆ ಅದನ್ನ ಬಿಚ್ಚಿ ತೋರಸು. ಸುದ್ದಿ ಆಗಲೇ ಓಣಿ ದಾಟೈತಿ. ಬಿಚ್ಚಿದ್ರ ಮಾತು ಮುಗೀತು."

ಅವಳು ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಬಿದ್ದಳು. ಹೊಸೂರಿನ ತಗಡಿನ ಮನೆಗಳ ತನಕ ಎಲ್ಲೂ ನಿಲ್ಲಲಿಲ್ಲ.

ಲಗಮಣ್ಣ ಅಂಗಳದಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಿದ್ದ. ಅವಳನ್ನು ನೋಡಿ ಅವನ ಮುಖ ಅರಳಿತು. ಮರುಗಳಿಗೆಯೇ ಅವಳ ಕಣ್ಣು ನೋಡಿ ಎದ್ದು ನಿಂತ.

"ನನ್ನ ಕೇಳಲಾರದ ನನ್ನ ಕೌದಿ ಹೊಟ್ಟಿ ತುಂಬಸಾಕ ನೀವ್ಯಾರು?" ಅವಳು ಕೌದಿಯ ಮೂಲೆಯನ್ನು ಅವನ ಮುಂದೆ ಹಿಡಿದಳು. "ಒಬ್ಬಾಕಿ ನನ್ನ ಕೇಳಲಾರದ ಹರದ್ಲು. ನೀವು ಕೇಳಲಾರದ ಹೊಲದ್ರಿ. ನಮ್ಮಪ್ಪ ಕೇಳಲಾರದ ನನ್ನ ಸಾಲಹಳ್ಳಿಗೆ ಕೊಡಾಕ ಹತ್ಯಾನ. ನಾ ಏನ್ ಎಲ್ಲಾರೂ ಹೊಲ್ಯಾಕ, ಬಿಚ್ಚಾಕ ಬಿದ್ದಿರೂ ಅರಿವಿ ತುಂಡೇನು?"

"ನಾ… ನಾ ಏನೂ ಮಾಡಿಲ್ಲರಿ." ಅವನ ಕೈಯಿಂದ ಬಣ್ಣದ ಬಟ್ಟಲು ಜಾರಿತು.

"ನಾ ಹೊಲದೇನಿ, ಮಗಳ."

ಹೊಸ್ತಿಲಲ್ಲಿ ಕುಳಿತಿದ್ದ ಮುದುಕಿ ಹೇಳಿದಳು. ಲಗಮಣ್ಣನ ತಾಯಿ ಬೀರವ್ವ. ಮಂಜುಗಟ್ಟಿದ ಕಣ್ಣುಗಳನ್ನು ದನಿ ಬಂದ ಕಡೆ ತಿರುಗಿಸಿದಳು.

"ಗಂಟ ಬಿಚ್ಚಿ ಕೌದಿ ಮಡಚೂವಾಗ ಕೈಗೆ ಹತ್ತಿತು. ಹೊಲಿಗಿ ನಂದಲ್ಲ ಅಂತ ಗೊತ್ತಾತು. ಆದ್ರ ಮೂಲಿ ಬಾಯಿ ತಕ್ಕೊಂಡು ಕುಂತಿತ್ತು, ಹಸದ ಕೂಸಿನಂಗ. ಹೊಟ್ಟಿ ತಡೀಲಿಲ್ಲ. ಒಂದ ಚೂರು ರೊಟ್ಟಿ ಇಟ್ಟು ಮುಚ್ಚಿದೆ. ಇಂವಗ ಹೇಳೂ ಇಲ್ಲ. ತಪ್ಪಾತೇನ ಯವ್ವಾ?"

ಇಂದ್ರವ್ವ ಹತ್ತಿರ ಬಂದಳು. ಆ ಮುದುಕಿಯ ಬೆರಳುಗಳಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. ಕಣ್ಣಿಲ್ಲದೆ ಹೊಲಿದ ಗುರುತುಗಳು.

"ನಮ್ಮ ಕಡೆ… ಅತ್ತಿ ಆಗಾಕಿ ಹೊಲೀಬೇಕು," ಎಂದು ಮೆಲ್ಲಗೆ ಹೇಳಿದಳು.

ಲಗಮಣ್ಣ ಬೆಚ್ಚಿಬಿದ್ದ. ಗಾಬರಿಯಲ್ಲಿ ಅವನ ಬಾಯಿಂದ ಮಾತು ಉದುರಿತು.

"ನಮ್ಮೂರಾಗ ಹಂಗಿಲ್ಲರಿ! ಯಾರ ಕೌದಿನೂ ಯಾರರ ತುಂಬಸ್ತಾರ. ಅದಕ್ಕ ಏನೂ ಅರ್ಥ ಇಲ್ಲರಿ… ನಾ ಬಂದು ನಿಮ್ಮಪ್ಪಾರಿಗೆ ಹೇಳತೇನಿ. ಬೇಕಾದ್ರ ಈಗ ಬಿಚ್ಚಿ ಕೊಡತೇನಿ."

ಅದಕ್ಕ ಏನೂ ಅರ್ಥ ಇಲ್ಲ!

ಸಿಟ್ಟಿನಿಂದ ಬಂದವಳಿಗೆ ಈ ಮಾತು ಯಾಕೆ ಇಷ್ಟು ಆಳಕ್ಕೆ ಇಳಿಯಬೇಕು? ತಪ್ಪಿಲ್ಲವೆಂದು ತಿಳಿದರೆ ಹಗುರಾಗಬೇಕಿತ್ತು. ಎದೆಯೊಳಗೆ ಎರಡು ದಿನ ಕಟ್ಟಿದ್ದ ಗೋಡೆಯೊಂದು ಸದ್ದಿಲ್ಲದೆ ಕುಸಿದ ಹಾಗಾಯಿತು.

"ಏನೂ ಅರ್ಥ ಇಲ್ಲ… ಚಲೋ ಆತು," ಎಂದಳು. "ನೀವು ಬರೂದು ಬ್ಯಾಡ. ನನ್ನ ಕೌದಿ, ನಾ ನೋಡ್ಕೋತೇನಿ."

ಅವನು "ಇಂದ್ರವ್ವಾರ…" ಎಂದು ಎರಡು ಹೆಜ್ಜೆ ಬಂದ. ಅವಳು ತಿರುಗಿ ನೋಡಲಿಲ್ಲ.

ಅವಳ ಹೆಜ್ಜೆ ಸಪ್ಪಳ ಅಡಗಿದ ಮೇಲೆ ಬೀರವ್ವ ಮಗನತ್ತ ಮುಖ ಮಾಡಿದಳು. "ಕಣ್ಣು ಮಂಜಾಗಿದ್ದು ನನಗ. ನಿನಗೇನಾಗೇತೋ ಹುಚ್ಚಾ?"

*

ಖಂಡೇ ಪೂಜೆಯ ದಿನ ಹಣಮಂತಪ್ಪನ ಮನೆ ಹೋಳಿಗೆಯ ಘಮದಿಂದ ತುಂಬಿತ್ತು. ಕುಡುಗೋಲು, ಕುರುಪಿ, ನೇಗಿಲಿನ ಗುಳ, ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿ ಜಗುಲಿಯ ಮುಂದೆ ಇಟ್ಟಿದ್ದರು. ಹೊಸ ಗೋಡೆಯ ಕೆಳಗೆ ಘಟದ ಸಸಿಗಳು ಗೇಣುದ್ದ ಬೆಳೆದು ನಿಂತಿದ್ದವು.

ಬಸವಣ್ಣೆಪ್ಪ ಇಬ್ಬರು ಹಿರಿಯರೊಂದಿಗೆ ಪಡಸಾಲೆಯಲ್ಲಿ ಕುಳಿತಿದ್ದ. ಕೆಟ್ಟ ಮನುಷ್ಯನೇನಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವವರಿಲ್ಲದೆ ಬೇಸತ್ತಿದ್ದ, ಅಷ್ಟೇ.

"ಓಣ್ಯಾಗ ಏನೋ ಮಾತ ಕೇಳಿ ಬಂದ್ವಿ, ಹಣಮಂತಪ್ಪಾ," ಎಂದ ಹಿರಿಯನೊಬ್ಬ.

"ಹುಡುಗೀನ ಬಿಚ್ಚಿ ತೋರಸ್ತಾಳ್ರಿ. ಏನೂ ಇಲ್ಲ ಅದರಾಗ." ಹಣಮಂತಪ್ಪ ಪೂಜೆಗಿಟ್ಟಿದ್ದ ಕುಡುಗೋಲನ್ನೇ ಎತ್ತಿ ಮಗಳ ಮುಂದೆ ಹಿಡಿದ. "ಬಿಚ್ಚು."

ಇಂದ್ರವ್ವ ಕೌದಿಯನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದಳು. ಕುಡುಗೋಲು ನೋಡಿದಳು. ಸಿರಸಂಗಿಯ ಆ ಅಂಗಳ ಕಣ್ಣ ಮುಂದೆ ಬಂತು. ಹಾರಿದ ಹಿಟ್ಟುಪುಡಿ, ಅದನ್ನು ಹೆಕ್ಕಲು ಓಡಿಬಂದ ಕೋಳಿಗಳು…

ಹೆಬ್ಬೆರಳಿಂದ ಆ ಸೊಟ್ಟ ಹೊಲಿಗೆಯನ್ನು ಸವರಿದಳು. ಅವನಿಗೆ ಅರ್ಥವಿಲ್ಲದಿದ್ದರೆ ಬೇಡ. ಕಣ್ಣು ಕಾಣದ ಒಬ್ಬಳು, ಇದು ಯಾರದೆಂದು ಕೇಳದೆ, ಹಸಿದಿದೆ ಎಂದು ತಿಳಿದು ಹೊಲಿದಿದ್ದಾಳೆ. ಇಡೀ ಊರಿನಲ್ಲಿ ಅಷ್ಟು ಕಂಡವಳು ಅವಳೊಬ್ಬಳೇ.

"ಬಿಚ್ಚೂದಿಲ್ಲ."

"ಏನಂದಿ?"

"ಬಿಚ್ಚೂದಿಲ್ಲ ಅಂದೆ ಅಪ್ಪಾ." ಅವಳು ಎದ್ದು ನಿಂತಳು. "ಒಂದ ಸಲ ಬಿಚ್ಚಿದ್ರು. ಮೂರ ವರ್ಷ ನಾ ಅದರ ಹಸಿವು ನೋಡೇನಿ. ಈಗ ಯಾರೋ ಪುಣ್ಯಾತಗಿತ್ತಿ ತುಂಬಿಸ್ಯಾಳ. ನನ್ನ ಕೈಯಾರೆ ಅದರ ಹೊಟ್ಟಿ ಸೀಳಿ ಒಂದು ಮನಿ ಹೊಕ್ಕರ, ಆ ಮನ್ಯಾಗ ನನಗ ರೊಟ್ಟಿ ಹ್ಯಾಂಗ ಇಳೀತೈತಿ?"

ಬಸವಣ್ಣೆಪ್ಪನ ಕಡೆ ತಿರುಗಿದಳು. "ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲರಿ. ಆದ್ರ ನಾ ಒಲ್ಲೆ. ಕತ್ತಲದಾಗ ಸೀರಿ ಉಟಗೊಂಡು, ಮಾರಿ ಮುಚಗೊಂಡು ಬರಾಕಿ ನಾ ಅಲ್ಲ."

"ಹಂಗಾರ ಈ ಹೊಸ್ತಲಾ ದಾಟು!" ಹಣಮಂತಪ್ಪ ಗುಡುಗಿದ.

"ದಾಟತೇನಿ. ಆದ್ರ ಹಗಲೀ ಹೊತ್ತಿನ್ಯಾಗ ದಾಟತೇನಿ."

ಆಗ ಮೂಲೆಯಿಂದ ಅಡಿಕೆ ಕುಟ್ಟುವ ಸದ್ದು ನಿಂತಿತು. ಮುದಕವ್ವ ಗೋಡೆ ಹಿಡಿದು ಎದ್ದಳು.

"ಹಣಮಾ. ನಿಮ್ಮವ್ವ ಎಂದರ ಘಟಾ ಮುಟ್ಟಿದ್ದು ನೋಡಿಯೇನು?"

ಮಗ ಬೆರಗಾಗಿ ನೋಡಿದ. "ನಿನಗ… ನಿನಗ ಮಡಿ ಆಗೂದಿಲ್ಲ ಅಂತಿದ್ದಿ."

"ಮಡಿ ಅಲ್ಲೋ. ನಾನೂ ಉಡಕೀಲೆ ಬಂದಾಕಿ. ನಿಮ್ಮಪ್ಪನ ಮನಿಗೆ ಹಿತ್ತಲ ಬಾಗಲಲೆ, ಕಂದೀಲ ಆರಿಸಿ ಕರಕೊಂಡ್ರು. ಐವತ್ತ ವರ್ಷ ಈ ಜಗಲಿ ಸಾರಿಸೇನಿ. ಒಂದ ದಿನ ಮುಟ್ಟಿಲ್ಲ. ನೀ ಆ ಕತ್ತಲದಾಗ ಬಂದಾಕಿ ಹೊಟ್ಟೀಲೆ ಹುಟ್ಟಿದಾಂವ. ನೀ ಹೊಸ್ತಲಾ ದಾಟತೀಯೇನು?"

ಹಣಮಂತಪ್ಪನ ಕೈಯಲ್ಲಿದ್ದ ಕುಡುಗೋಲು ಕೆಳಗಿಳಿಯಿತು. ಐವತ್ತರ ಹತ್ತಿರದ ಆ ಗಂಡಸು ತಾಯಿಯನ್ನು ಹೊಸದಾಗಿ ನೋಡುವವನಂತೆ ನೋಡಿದ.

ಮುದಕವ್ವ ನಡುಗುವ ಹೆಜ್ಜೆ ಇಡುತ್ತ ಜಗುಲಿಗೆ ಹೋದಳು. ಘಟದ ಎಳೆಯ ಸಸಿಗಳನ್ನು ಐವತ್ತು ವರ್ಷದ ಮೇಲೆ ಮೊದಲ ಬಾರಿಗೆ ಬೆರಳಿಂದ ಸವರಿದಳು. ಯಾರೂ ತಡೆಯಲಿಲ್ಲ. ಸಾವಂತ್ರೆವ್ವ ಕೂಡ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಬಸವಣ್ಣೆಪ್ಪ ಕೆಮ್ಮಿ ಎದ್ದು ನಿಂತ. "ಹೋಳಗಿ ಉಂಡು ಹೋಗತೇವಿ, ಹಣಮಂತಪ್ಪಾ. ಉಳದ ಮಾತು ಸಾಕು."

*

ಬನ್ನಿ ಹಬ್ಬದ ದಿನ ಇಳಿಬಿಸಿಲು ಹೊನ್ನಿನಂತೆ ಬಿದ್ದಿತ್ತು. ಊರಿನವರೆಲ್ಲ ಹೊಸ ಅರಿವೆ ತೊಟ್ಟು ಬನ್ನಿಗೆ ಹೊರಟಿದ್ದರು. ಮುದಕವ್ವ ಘಟದಿಂದ ನಾಲ್ಕು ಸಸಿ ಕಿತ್ತು ಮೊಮ್ಮಗಳ ತುರುಬಿಗೆ ಸಿಕ್ಕಿಸಿದಳು. ಮೂರು ವರ್ಷದಿಂದ ಒಂದು ಹೂವನ್ನೂ ಕಾಣದ ತುರುಬು!

"ಎಲ್ಲಿಗೆ ಹೊಂಟೀರಿ?" ಹಣಮಂತಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. ನಿನ್ನೆಯಿಂದ ಅವನು ಆಡಿದ ಮೊದಲ ಮಾತು.

"ಹೊಸೂರಿಗೆ. ಬೀರವ್ವಗ ಬನ್ನಿ ಕೊಟ್ಟು ಬರತೇನಿ," ಎಂದಳು ಇಂದ್ರವ್ವ. ಹೆಗಲ ಮೇಲೆ ಕೌದಿ ಇತ್ತು.

"ಮುದುಕಿ ಬಗಲಾಗ ಕುಂತು ನಾಕ ಮಾತಾಡಿ ನಾನೂ ಬರತೇನಿ," ಎಂದಳು ಮುದಕವ್ವ ಕೋಲು ಹುಡುಕುತ್ತ.

ಹಣಮಂತಪ್ಪ ಎದ್ದು ತಾಯಿಯ ಕೋಲನ್ನು ತಂದು ಕೈಗೆ ಕೊಟ್ಟ.

"ಬಿಸಲ ಇರೂದರಾಗ ಹೋಗಿ ಬರ್ರಿ," ಎಂದ.

ಓಣಿಯ ನಡುವೆ, ಎಲ್ಲರ ಕಣ್ಣೆದುರು, ಇಬ್ಬರೂ ನಡೆದರು. ಕಟ್ಟೆಯ ಮೇಲಿನ ಹೆಂಗಸರು ಪಿಸುಗುಟ್ಟಿದರು. ಇಂದ್ರವ್ವ ಸೆರಗು ಮುಂದೆ ಎಳೆದುಕೊಳ್ಳಲಿಲ್ಲ.

ಹೊಸೂರಿನ ತುದಿಯಲ್ಲಿ ಆ ಬನ್ನಿ ಗಿಡ. ಅವನು ಹೇಳಿದಂತೆ ಎದೆಮಟ್ಟವೇ ಇತ್ತು. ಗಿಡದ ಪಕ್ಕದಲ್ಲಿ ಲಗಮಣ್ಣ ಬಿಳಿ ಅಂಗಿ ತೊಟ್ಟು, ಪಟಕ ಸುತ್ತಿ, ತಾಯಿಯ ಕೈ ಹಿಡಿದು ಎಲ್ಲಿಗೋ ಹೊರಟು ನಿಂತಿದ್ದ. ಇವರನ್ನು ಕಂಡು ಅಲ್ಲೇ ನಿಂತುಬಿಟ್ಟ.

"ಎಲ್ಲಿಗೋ ಹೊಂಟಂಗೈತಿ?" ಇಂದ್ರವ್ವ ಕೇಳಿದಳು.

"ನಿಮ್ಮ ಮನಿಗ್ರಿ. ನಾಕ ಮಂದಿ ಮುಂದ, ಬಿಸಲಾಗ, ಒಂದ ಮಾತ ಕೇಳಾಕ."

"ಏನ್ ಮಾತು? ಅದಕ್ಕ ಏನೂ ಅರ್ಥ ಇಲ್ಲ ಅಂದಿದ್ರಲ್ಲ."

ಅವನು ತಲೆ ತಗ್ಗಿಸಿದ. "ಊರಿಲ್ಲದಾಂವ ನಾ. ತಗಡಿನ ಮನಿ. ಅರ್ಥ ಐತಿ ಅಂದಿದ್ರ ನಿಮ್ಮನ್ನ ಕೇಳಿದಂಗ ಆಗತಿತ್ತು. ಕೇಳಾಕ ಧೈರ್ಯ ಸಾಲಲಿಲ್ಲ. ನೀವು ಹೋದ ಮ್ಯಾಲ ಅವ್ವ ಎರಡ ದಿನಾತು ಬೈದ ಬೈಯಾಕ ಹತ್ಯಾಳ."

"ಇನ್ನೂ ಮುಗದಿಲ್ಲ," ಎಂದಳು ಬೀರವ್ವ. ಮುದಕವ್ವ ಗಹಗಹಿಸಿ ನಕ್ಕು, ಅವಳನ್ನು ಕೈ ಹಿಡಿದು ದೂರದ ಕಲ್ಲಿನ ಕಡೆ ನಡೆಸಿಕೊಂಡು ಹೋದಳು.

ಇಬ್ಬರೇ ಉಳಿದರು. ನಡುವೆ ಎಳೆಯ ಬನ್ನಿ ಗಿಡ.

"ಅವ್ವ ಹೊಲಿದಾಗ ಅದಕ್ಕ ಅರ್ಥ ಇರಲಿಲ್ಲರಿ," ಅವನು ಮೆಲ್ಲಗೆ ಹೇಳಿದ. "ನಿನ್ನೆ ನೀವು ಬಿಚ್ಚೂದಿಲ್ಲ ಅಂದ್ರಂತ. ಅದನ್ನ ಕೇಳಿದಾಗಿಂದ ಬಂದೈತಿ."

ಇಂದ್ರವ್ವನ ಕಣ್ಣು ತುಂಬಿ ಬಂತು. "ನಿಮಗಾಗಿ ಬಿಚ್ಚಲಾರದ ಬಿಟ್ಟೆ ಅಂದ್ಕೋಬ್ಯಾಡ್ರಿ. ಅದು ನನಗಾಗಿ."

"ಗೊತ್ತೈತ್ರಿ. ಅದಕ್ಕ ಕೇಳಾಕ ಬಂದೇನಿ. ಈ ಸಲ… ಮೊದಲ ಕೇಳಿ." ಅವನು ಅವಳ ಹೆಗಲ ಮೇಲಿನ ಕೌದಿ ನೋಡಿದ. "ಆ ಹೊಲಿಗಿ ಹಂಗ ಇರಲೇನ್ರಿ?"

ಯಾರೂ ಯಾವತ್ತೂ ಅವಳನ್ನು ಕೇಳಿರಲಿಲ್ಲ. ಇರಲೇ ಎಂದು, ಬೇಕೇ ಎಂದು… ಒಬ್ಬರೂ!

ಅವಳು ಬಗ್ಗಿ ಆ ಗಿಡದ ಮೊದಲ ಎಲೆಗಳನ್ನು ತಾನೇ ಹರಿದಳು. ಅವನ ಅಂಗೈಯಲ್ಲಿ ಇಟ್ಟಳು.

"ತಗೋರಿ. ಬಂಗಾರದಂಗ ಇರೂಣು."

ಅವನ ಬೆರಳುಗಳು ಎಲೆಗಳ ಮೇಲೆ ಮುಚ್ಚಿದವು, ಅವಳ ಬೆರಳುಗಳ ಮೇಲೂ.

"ಆದ್ರ ನಂದೊಂದ ಮಾತೈತಿ," ಎಂದಳು ಅವಳು ಕೈ ಬಿಡಿಸಿಕೊಳ್ಳದೆ. "ಹಗಲೀ ಹೊತ್ತಿನ್ಯಾಗ. ನಮ್ಮ ಆಯಿ ಕೈಲೆ ಅಕ್ಕಿಕಾಳು ಹಾಕಿಸ್ಕೊಂಡ ನಾ ಬರಾಕಿ."

"ಹನ್ನೆರಡಕ್ಕ ಇಟ್ಕೊಳ್ಳೂಣ್ರಿ. ನೆತ್ತಿ ಮ್ಯಾಲ ಬಿಸಲಿರಲಿ."

ಅವಳು ಕಣ್ಣೀರಿನ ನಡುವೆಯೇ ನಕ್ಕಳು. ಕೌದಿಯನ್ನು ಹೆಗಲಿಂದ ಇಳಿಸಿ ಅವನ ಹೆಗಲಿಗೆ ಹಾಕಿದಳು.

"ಮತ್ತ ಬರೂ ಮಾನೌಮಿಗೆ ಇದನ್ನ ಹೊಳಿಗೆ ಒಯ್ಯಾವರು ಯಾರು?"

"ನಾನ ಒಯ್ದು ತುಳೀತೇನ್ರಿ. ನೀವು ದಂಡಿ ಮ್ಯಾಲ ಕುಂತು ಬೈಕೋತ ಇರ್ರಿ."

"ಮೂಲಿ ಮಾತ್ರ ನೋಡಬ್ಯಾಡ್ರಿ ಮತ್ತ."

"ನೋಡತೇನಿ," ಎಂದ ಲಗಮಣ್ಣ. "ಹಸದೈತೇನು ಅಂತ ವರ್ಷಾ ವರ್ಷಾ ನೋಡತೇನಿ."